ಬೀದರಿನ ಬಣ್ಣ, ನಾನಿಯ ಪಾನ್‌ದಾನ್

ಮದುವೆಯ ಮಾತು ಮುಗಿದು ದಿನ ಗೊತ್ತಾದ ಮನೆಗೆ ಮೊದಲು ಏನು ಬರುತ್ತದೆ, ಹೇಳಿ ನೋಡೋಣ. ಸಿಹಿ ಎನ್ನುತ್ತೀರಾ? ಆ ಕಾಲ ಹೋಯಿತು. ಈಗ ಮೊದಲು ಬರುವುದು ಅಲಂಕಾರದವರ ಆಲ್ಬಮ್.

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮನೆಗೂ ಅದು ಬಂತು. ಮಗಳಿಗೆ ಹಳೆಯ ಕಾಲದ ಚೆಲುವು ಇಷ್ಟವೆಂದು ತಿಳಿದಿದ್ದ ಅಲಂಕಾರದವನು 'ನವಾಬಿ ಶೈಲಿ'ಯ ಚಿತ್ರಗಳನ್ನೇ ಹರಡಿದ. ಥರ್ಮಾಕೋಲಿನ ಕಮಾನು, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕಂಬ, ಬಾಡಿಗೆಯ ಹಳೆಯ ಕಾರು, ಬಾಡಿಗೆಯ ಹುಕ್ಕಾ. ಒಂದು ರಾತ್ರಿಯ ಆ ವೈಭವಕ್ಕೆ ಮೂರೂವರೆ ಲಕ್ಷ! ಗಂಡನನ್ನು ಕಳೆದುಕೊಂಡ ಅಕ್ಕ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಸಾಕಿದವಳು. ಅವಳು ಮರುಮಾತಾಡದೆ ಕೈಯಲ್ಲಿದ್ದ ಎರಡು ಬಳೆಗಳನ್ನು ನೋಡಿಕೊಂಡಳು. ಆ ನೋಟದ ಅರ್ಥ ನನಗೆ ಗೊತ್ತಾಯಿತು. ಮಗಳಿಗೂ ಗೊತ್ತಾಯಿತು.

ಅವನು ಹೋದ ಮೇಲೆ ಹುಡುಗಿ ನನ್ನ ಬಳಿ ಬಂದು ಕೇಳಿದಳು: "ಖಾಲಾ, ಆ ಚಿತ್ರಗಳಲ್ಲಿ ಎಲ್ಲವೂ ಇದೆ. ಆದರೆ ನಾವಿಬ್ಬರು ಎಲ್ಲಿದ್ದೇವೆ?"

ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳ ಪಟಗಳಿಗೆ, ಶಾಲೆಯ ಗೋಡೆಗೆ ಬಣ್ಣ ಹಚ್ಚುವುದೆಂದರೆ ಪ್ರಾಣ. ಹುಡುಗನೋ ಮಿತಭಾಷಿ, ಕೆಟ್ಟುಹೋದ ಗಡಿಯಾರ, ರೇಡಿಯೋಗಳನ್ನು ಬಿಚ್ಚಿ ಸರಿಪಡಿಸುವುದು ಅವನ ಹವ್ಯಾಸ. ಇಬ್ಬರಿಗೂ ಹಳೆಯದರ ಮೇಲೆ ಪ್ರೀತಿಯಿರುವುದು ನಿಜ. ಆದರೆ ಹಳೆಯದರಂತೆ ನಟಿಸುವ ಹೊಸದರ ಮೇಲಲ್ಲ.

ಅಂದು ಸಂಜೆ ಅಟ್ಟದಲ್ಲಿ ಪಾತ್ರೆ ಹುಡುಕುವಾಗ ಒಂದು ಕಪ್ಪು ಪೆಟ್ಟಿಗೆ ಸಿಕ್ಕಿತು. ತುಕ್ಕು ಹಿಡಿದ ಕಬ್ಬಿಣವೆಂದು ತಿಳಿದು ಯಾರೋ ಒಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅಲ್ಲಿ ಕಪ್ಪು ಹೋಗಿ ಬೂದು ಬಣ್ಣ ಬಂದಿತ್ತು. ಮುಚ್ಚಳದಲ್ಲಿ ಒಂದು ತಗ್ಗು. ಬೆಳಕಿಗೆ ಹಿಡಿದಾಗ ಹೂಬಳ್ಳಿಯ ಸಣ್ಣ ಬೆಳ್ಳಿ ಎಳೆಗಳು ಮಿನುಗಿದವು. ಹಾಸಿಗೆಯಲ್ಲಿ ಒರಗಿದ್ದ ನಾನಿ ಎದ್ದು ಕುಳಿತರು. "ಅದು ನನ್ನ ಪಾನ್‌ದಾನ್. 1958ರಲ್ಲಿ ಬೀದರಿನಿಂದ ಮದುವೆಯಾಗಿ ಬರುವಾಗ ಅಬ್ಬಾ ಕೊಟ್ಟದ್ದು" ಎಂದರು. ಅವರ ತವರು ಬೀದರ್. ಮಂಡಿನೋವಿನಿಂದಾಗಿ ಅವರು ಆ ಊರನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

ಮರುವಾರವೇ ನಾನು, ಅಕ್ಕ, ಹುಡುಗಿ ಮೂವರೂ ಬೀದರಿಗೆ ಹೊರಟೆವು. ಪೆಟ್ಟಿಗೆ ನನ್ನ ಮಡಿಲಲ್ಲಿತ್ತು. ಆ ಪ್ರಯಾಣದ ಕಥೆಯನ್ನು ನಿಮಗೆ ಹೇಳಬೇಕೆನಿಸಿತು. ಏಕೆಂದರೆ ನಿಮ್ಮ ಮನೆಯಲ್ಲೂ ನಾಳೆ ಮದುವೆ ಇದೆ, ನಿಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದ್ದೀತು.

ಕೆಂಪು ಮಣ್ಣಿನ ಊರು

ಬೀದರ್ ನಮ್ಮ ರಾಜ್ಯದ ನೆತ್ತಿಯ ಮೇಲಿದೆ. ಹೈದರಾಬಾದಿನಿಂದ ಸುಮಾರು 140 ಕಿ.ಮೀ. ಕಲಬುರಗಿಯಿಂದ ಬಸ್ಸುಗಳಿವೆ, 2017ರಿಂದ ರೈಲು ಮಾರ್ಗವೂ ಇದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಅನಂತರ ಬರೀದ್ ಶಾಹಿಗಳು ಆಳಿದರು. ಮುಂದೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡಿನೊಂದಿಗೆ ಒಂದಾಯಿತು. ಆದ್ದರಿಂದಲೇ ಇಲ್ಲಿನ ಹಳೆಯ ಮದುವೆಗಳ ಉಡುಗೆ ತೊಡುಗೆಯಲ್ಲಿ ಹೈದರಾಬಾದಿನ ಗಾಳಿ ಬೀಸುತ್ತದೆ.

ಮೊದಲು ಕೋಟೆಗೆ ಹೋಗಿ. ಜಂಬಿಟ್ಟಿಗೆ ಕಲ್ಲಿನ ಕೆಂಪು ಗೋಡೆಗಳು, ಬಂಡೆಯನ್ನೇ ಕಡಿದು ಮಾಡಿದ ಕಂದಕ. ಒಳಗೆ ನೀವು ತಪ್ಪದೆ ನೋಡಬೇಕಾದದ್ದು ರಂಗೀನ್ ಮಹಲ್. ಹೆಸರೇ ಹೇಳುವಂತೆ ಅದು ಬಣ್ಣದ ಅರಮನೆ. ಹಲವು ಸಲ ಬೀಗ ಹಾಕಿರುತ್ತಾರೆ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಳ್ಳಿ. ನಮಗೆ ಬಾಗಿಲು ತೆರೆದು ತೋರಿಸಿದರು.

ದೊಡ್ಡ ಅರಮನೆಯ ಕಲ್ಪನೆಯಲ್ಲಿ ಹೋದರೆ ನಿಮಗೆ ಆಶ್ಚರ್ಯವಾದೀತು. ಅದು ಚಿಕ್ಕದು. 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹ್ ಅದನ್ನು ಹೊಸದಾಗಿ ಕಟ್ಟಿಸಿದ. ಬರೀದ್ ಶಾಹಿಗಳದ್ದು ಬಹಮನಿಗಳಂತಹ ವಿಶಾಲ ರಾಜ್ಯವಾಗಿರಲಿಲ್ಲ. ಆದರೆ ಇದ್ದ ಜಾಗದಲ್ಲಿ ಎಂಥ ಕೆಲಸ! ಕೆತ್ತನೆಯ ಮರದ ಕಂಬಗಳು. ಗೋಡೆಯಲ್ಲಿ ಬಣ್ಣದ ಹೆಂಚುಗಳ ಹೂಬಳ್ಳಿ. ಒಳಕೋಣೆಯ ಬಾಗಿಲಿನ ಸುತ್ತ ನುಣುಪಾದ ಕಪ್ಪು ಕಲ್ಲು, ಆ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು. ಕಪ್ಪಿನ ಮೇಲೆ ಆ ಚಿಪ್ಪು ಬೆಳದಿಂಗಳಂತೆ ಹೊಳೆಯುತ್ತದೆ.

ಹುಡುಗಿ ಚೀಲದಿಂದ ಪುಸ್ತಕ ತೆಗೆದು ಬಣ್ಣಗಳನ್ನು ಗುರುತು ಹಾಕಿಕೊಂಡಳು: ನೀಲಿ, ಹಸಿರು, ಹಳದಿ, ಬಿಳಿ, ನಡುವೆ ಒಂದಿಷ್ಟು ಕಪ್ಪು. "ಖಾಲಾ, ನನ್ನ ಮದುವೆಯ ಬಣ್ಣಗಳು ಇವೇ" ಎಂದಳು. ಅಕ್ಕ ಆ ದಿನ ಮೊದಲ ಬಾರಿಗೆ ನಕ್ಕಳು.

ಅಲ್ಲಿಂದ ಊರೊಳಗಿನ ಮಹ್ಮೂದ್ ಗವಾನರ ಮದ್ರಸಕ್ಕೆ ಬಂದೆವು. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್, 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವಿದು. 1696ರಲ್ಲಿ ನಡೆದ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಭಾಗ ಕುಸಿಯಿತು. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ನೀಲಿ, ಹಸಿರು ಹೆಂಚುಗಳು ಅಲ್ಲಲ್ಲಿ ಮಾತ್ರ ಉಳಿದಿವೆ. ಆದರೂ ಅದರೆದುರು ನಿಂತವರಿಗೆ ಕೊರತೆ ಕಾಣುವುದಿಲ್ಲ. ಉಳಿದಿರುವಷ್ಟೇ ಕಣ್ಣು ತುಂಬುತ್ತದೆ.

ಸಮಯವಿದ್ದರೆ ಊರಿನ ಹೊರಗಿನ ಅಷ್ಟೂರಿಗೂ ಹೋಗಿ. ಅಲ್ಲಿ ಅಹ್ಮದ್ ಶಾಹರ ಗೋರಿಯ ಗುಮ್ಮಟದ ಒಳಮೈ ತುಂಬ ಕೆಂಪು, ನೀಲಿ, ಚಿನ್ನದ ಬಣ್ಣಗಳ ಚಿತ್ತಾರವಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ.

ಮಣ್ಣಿನ ರುಚಿ ನೋಡುವವರು

ಇನ್ನು ನಾವು ಹೋದ ಕೆಲಸಕ್ಕೆ ಬರುತ್ತೇನೆ. ಹಳೆಯ ಊರಿನ ಓಣಿಗಳಲ್ಲಿ ಬಿದರಿ ಕೆಲಸಗಾರರ ಚಿಕ್ಕ ಚಿಕ್ಕ ಅಂಗಡಿಗಳಿವೆ. ಉಳಿ, ಸುತ್ತಿಗೆಯ ಟಕಟಕ ಸದ್ದನ್ನು ಹಿಡಿದು ಹೋದರೆ ಸಾಕು. ಒಬ್ಬ ವಯಸ್ಸಾದ ಉಸ್ತಾದ್ ನಮ್ಮನ್ನು ಕೂರಿಸಿ, ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಮುಚ್ಚಳದ ಮೇಲೆ ಬೆರಳಾಡಿಸಿದರು. "ಇದನ್ನು ಹುಣಸೆಯಿಂದ ಉಜ್ಜಿದವರು ಯಾರು, ಬೆಹನ್?" ಎಂದರು. ನಾನೂ ಅಕ್ಕನೂ ನೆಲ ನೋಡಿದೆವು.

ಬಿದರಿ ಹೇಗೆ ತಯಾರಾಗುತ್ತದೆಂದು ನಿಮಗೆ ಗೊತ್ತೇ? ಸತು ಮತ್ತು ತಾಮ್ರವನ್ನು ಕರಗಿಸಿ ಮರಳಿನ ಅಚ್ಚಿಗೆ ಸುರಿಯುತ್ತಾರೆ. 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಬರಿಗೈಯಲ್ಲೇ ಚಿತ್ರ ಗೀಚುತ್ತಾರೆ. ಗೀಚಿದ ಗೆರೆಯನ್ನು ಉಳಿಯಿಂದ ಕೊರೆದು, ಆ ಸಣ್ಣ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ತಂತಿಯ ಈ ಕೆಲಸಕ್ಕೆ ತಾರ್ಕಶಿ ಎಂದು ಹೆಸರು. ಬೆಳ್ಳಿಯ ತಗಡನ್ನು ಕೂರಿಸಿದರೆ ಅದು ತೈನಿಶಾನ್.

ಕೊನೆಯ ಹಂತವೇ ಚಮತ್ಕಾರ. ಬೀದರ್ ಕೋಟೆಯ ಹಳೆಯ ಭಾಗಗಳ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಸವರುತ್ತಾರೆ. ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು. ಅದು ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ಕೆಲಸಗಾರರು ನಾಲಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ! ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೀದರಿನ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಹಿಂದೆ ದಕ್ಕನಿನ ಮದುವೆಗಳಲ್ಲಿ ಪಾನ್‌ದಾನ್, ಸುರಾಹಿ, ಹರಿವಾಣಗಳಂತಹ ಬಿದರಿ ಸಾಮಾನುಗಳನ್ನು ಮಗಳೊಂದಿಗೆ ಕಳುಹಿಸುತ್ತಿದ್ದರು. ಪ್ರೀತಿಯ ಆ ಉಡುಗೊರೆ ಮುಂದೆ ಕೇಳಿ ಪಡೆಯುವ ಪಟ್ಟಿಯಾಗಿ ಎಷ್ಟು ಮನೆಗಳನ್ನು ಮುಳುಗಿಸಿತೆಂಬುದು ನಿಮಗೂ ಗೊತ್ತು. ಹಳೆಯ ಕಾಲದಿಂದ ಎಲ್ಲವನ್ನೂ ಹೊತ್ತು ತರಬೇಕಾಗಿಲ್ಲ. ಚೆಲುವನ್ನು ತರೋಣ, ಹೊರೆಯನ್ನು ಅಲ್ಲೇ ಬಿಡೋಣ.

"ಬಿದ್ದುಹೋದ ಎಳೆಗಳನ್ನು ಮತ್ತೆ ಕೂರಿಸುತ್ತೇನೆ, ಕಪ್ಪನ್ನೂ ತರುತ್ತೇನೆ. ಆದರೆ ಮುಚ್ಚಳದ ತಗ್ಗನ್ನು ಎತ್ತಲು ಹೋದರೆ ಒಡೆದೀತು. ಹೊಸದರಂತೆ ಕಾಣುವುದಿಲ್ಲ, ಬೇಟಿ" ಎಂದರು ಉಸ್ತಾದ್.

"ಹೊಸದರಂತೆ ಕಾಣುವುದು ಬೇಡ" ಎಂದಳು ಹುಡುಗಿ.

ಅವರು ಕೇಳಿದ ಕೂಲಿಯನ್ನು ಅಕ್ಕ ಚೌಕಾಸಿ ಮಾಡದೆ ಒಪ್ಪಿಕೊಂಡಳು. ಬಟ್ಟೆ ಹೊಲಿದು ಬದುಕುವವಳಿಗೆ ಕೈಕೆಲಸದ ಬೆಲೆ ಗೊತ್ತು. ಸರಿಪಡಿಸಲು ಮೂರು ವಾರ ಹಿಡಿಯಿತು. ಮದುವೆಗೆ ಇಂಥದ್ದೇನಾದರೂ ಮಾಡಿಸುವುದಿದ್ದರೆ ನೀವು ಎರಡು ಮೂರು ತಿಂಗಳು ಮೊದಲೇ ಹೋಗಿ. ಕೈಕೆಲಸದವರನ್ನು ಅವಸರಪಡಿಸಬೇಡಿ.

ಪೆಟ್ಟಿಗೆಯಿಂದ ಮದುವೆಯವರೆಗೆ

ಮರಳುವಾಗ ಹೈದರಾಬಾದಿನ ಮೇಲೆ ಬಂದೆವು. ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆ ಮಾಡುವವರು ನಮ್ಮೆದುರೇ ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ದುಂಡಗೆ ಬಾಗಿಸಿ, ಹರಳು ಒತ್ತಿ ಕೊಟ್ಟರು. ನೀಲಿ, ಹಳದಿ, ಹಸಿರು ಬಳೆಗಳು. ಅಲ್ಲಿ ಖರ್ಚು ಮಾಡಿದ್ದು ಅಷ್ಟೇ.

ಮನೆಗೆ ಬಂದ ಮೇಲೆ ನಾನಿಯ ಟ್ರಂಕು ತೆರೆದೆವು. ಅದರಲ್ಲಿ ಈರುಳ್ಳಿ ಸಿಪ್ಪೆ ಬಣ್ಣದ ಖಡಾ ದುಪಟ್ಟಾ ಇತ್ತು. ಖಡಾ ದುಪಟ್ಟಾ ಎಂದರೆ ಹೈದರಾಬಾದಿನ ವಧುಗಳು ಕುರ್ತಾ, ಪೈಜಾಮದ ಮೇಲೆ ಹೊದೆಯುವ ಆರು ಗಜದ ದುಪಟ್ಟಾ. ಮಡಿಕೆಯ ಗೆರೆಗಳಲ್ಲಿ ಬಟ್ಟೆ ಹರಿದಿತ್ತು, ಜರಿಯ ಅಂಚು ಮಾತ್ರ ಗಟ್ಟಿಯಾಗಿತ್ತು. ಅಕ್ಕ ಆ ಅಂಚನ್ನು ಜೋಪಾನವಾಗಿ ಬಿಚ್ಚಿ, ಅದೇ ಬಣ್ಣದ ಹೊಸ ಬಟ್ಟೆಗೆ ಕೈಹೊಲಿಗೆ ಹಾಕಿದಳು. ಹರಿದ ಬಟ್ಟೆಯಲ್ಲಿ ಗಟ್ಟಿಯಿದ್ದ ಭಾಗದಿಂದ ಹುಡುಗಿಗೊಂದು ಚಿಕ್ಕ ಚೀಲವಾಯಿತು.

ನಿಮ್ಮ ಮನೆಯಲ್ಲೂ ಇಂಥವು ಇದ್ದರೆ ಕೆಲವು ಮಾತು ನೆನಪಿಡಿ. ಜರಿಯ ಬಟ್ಟೆಯನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆಯನ್ನು ಜರಿಗೆ ತಾಗಿಸಬೇಡಿ, ಒಣಗಿದ ಬೇವಿನೆಲೆ, ಲವಂಗ ಸಾಕು. ಬಿದರಿಗೆ ಹುಣಸೆ, ನಿಂಬೆ, ಪಾತ್ರೆ ತೊಳೆಯುವ ಪುಡಿ ಸೋಕಿಸಲೇಬಾರದು. ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಕಪ್ಪು ಮತ್ತೆ ಮಿನುಗುತ್ತದೆ. ಉಪ್ಪು, ಹುಳಿಯ ತಿನಿಸುಗಳನ್ನು ಅದರಲ್ಲಿ ಇಡಬೇಡಿ.

ಮದುವೆ ಹೇಗಾಯಿತು ಎನ್ನುತ್ತೀರಾ? ನಿಕಾಹ್ ಮೊಹಲ್ಲಾದ ಮಸೀದಿಯಲ್ಲಿ ಸರಳವಾಗಿ ನಡೆಯಿತು. ಮನೆಯ ಅಂಗಳಕ್ಕೆ ಹುಡುಗಿಯೇ ಬಣ್ಣ ಹಚ್ಚಿದ ಕಾಗದದ ಹೆಂಚುಗಳು ತೋರಣವಾದವು. ಶಾಲೆಯ ಮಕ್ಕಳು ಅರ್ಧ ಕೆಲಸ ಮಾಡಿದ್ದರು, ಹಾಗಾಗಿ ಒಂದೊಂದು ಹೂವು ಒಂದೊಂದು ತರ. ವಲೀಮಾದಲ್ಲಿ ವರನ ಕಡೆಯವರು ಬಾಗಿಲ ಬಳಿ ಅವನ ದಾದಾರ ಗೋಡೆ ಗಡಿಯಾರವನ್ನು ತೂಗುಹಾಕಿದ್ದರು. ವರ್ಷಗಟ್ಟಲೆ ನಿಂತಿದ್ದ ಅದನ್ನು ಅವನೇ ಸರಿಪಡಿಸಿದ್ದ. ಬಂದವರೆಲ್ಲ ಅದರ ಗಂಟೆ ಕೇಳಲೆಂದು ಅಲ್ಲೇ ನಿಲ್ಲುತ್ತಿದ್ದರು. ಖರ್ಚು ಆ ಆಲ್ಬಮಿನವನು ಹೇಳಿದ ಮೊತ್ತದ ಕಾಲು ಭಾಗವೂ ಆಗಲಿಲ್ಲ. ಅಕ್ಕನ ಬಳೆಗಳು ಅವಳ ಕೈಯಲ್ಲೇ ಉಳಿದವು.

ಮಹ್ರ್ ವಧುವಿನ ಹಕ್ಕು. ಹುಡುಗ ಅದನ್ನು ಅಂದೇ ಪೂರ್ತಿಯಾಗಿ ಕೊಟ್ಟ. ಅದನ್ನಿಡಲು ನಾನಿಯ ಪಾನ್‌ದಾನ್ ತಂದೆವು. ಪಾನ್ ತಿನ್ನಬಾರದೆಂದು ವೈದ್ಯರು ಹೇಳಿ ಎಷ್ಟೋ ವರ್ಷವಾಗಿದೆ, ಆದರೂ ನಾನಿ ಮುಚ್ಚಳ ತೆರೆದು ಒಮ್ಮೆ ಮೂಸಿ ನೋಡಿದರು. ಕಪ್ಪು ಹೊಳೆಯುತ್ತಿತ್ತು, ಬಳ್ಳಿ ತುಂಬಿ ನಿಂತಿತ್ತು. ಅವರ ಬೆರಳು ಮಾತ್ರ ಮುಚ್ಚಳದ ಆ ತಗ್ಗನ್ನೇ ಹುಡುಕುತ್ತಿತ್ತು.

"ಇದು ಹಾಗೇ ಇದೆಯಲ್ಲ! ನಿನ್ನ ಅಮ್ಮಿ ಮೂರು ವರ್ಷದವಳಿದ್ದಾಗ ಬೀಳಿಸಿದ್ದು. ನಾನು ಅವಳಿಗೆ ಒಂದು ಪೆಟ್ಟು ಕೊಟ್ಟಿದ್ದೆ" ಎಂದರು.

ಅಕ್ಕ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಹೋದರಿಯರೇ, ನೀವೆಲ್ಲರೂ ಬೀದರಿಗೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ತವರು ಇಳಕಲ್ ಕಡೆಯದಾದರೆ ಅಲ್ಲಿ ಸೀರೆಯ ಮಗ್ಗಗಳಿವೆ, ಚನ್ನಪಟ್ಟಣದ ಕಡೆಯದಾದರೆ ಅರಗಿನ ಬಣ್ಣದ ಮರದ ಕೆಲಸವಿದೆ. ಆಲ್ಬಮ್ ತೆರೆಯುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ. ಮನೆಯ ಹಿರಿಯರ ಪಕ್ಕ ಒಂದು ಗಳಿಗೆ ಕುಳಿತು ಕೇಳಿ. ಮದುವೆಯಾಗುವ ಮಕ್ಕಳನ್ನೂ ಕೇಳಿ. ಬಾಡಿಗೆಯ ಕಂಬಗಳನ್ನು ಮರುದಿನ ಬೆಳಿಗ್ಗೆ ಲಾರಿಗೆ ಹೇರಿಕೊಂಡು ಹೋಗುತ್ತಾರೆ. ತಗ್ಗಾದ ಮುಚ್ಚಳ ಮನೆಯಲ್ಲೇ ಉಳಿಯುತ್ತದೆ.