ನಾಗದೇವಿ ಬೀದಿಯಲ್ಲಿ ಗಾಳಿಯ ವ್ಯಾಪಾರ

ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಮುಂಬೈಯ ಹಾರ್ಡ್‌ವೇರ್ ಲೋಕ ಶುರುವಾಗುತ್ತದೆ. ನಾಗದೇವಿ ಬೀದಿಯಲ್ಲಿ ಬೇರಿಂಗು, ವಾಲ್ವು, ಡ್ರಿಲ್ಲು, ಪೈಪು, ಸಣ್ಣ ಪಂಪು. ಹಮಾಲರ ಕೈಗಾಡಿಗೆ ದಾರಿ ಬಿಡುತ್ತಾ ಒಂದೆರಡು ಗಲ್ಲಿ ದಾಟಿದರೆ ಅಬ್ದುಲ್ ರೆಹಮಾನ್ ಬೀದಿ. ಅಲ್ಲಿ ಕಾಗದ, ಬಣ್ಣ, ಕರಕುಶಲ ಸಾಮಾನು. ಅದರ ದಕ್ಷಿಣದ ತುದಿಗೆ 1869ರಲ್ಲಿ ಕಟ್ಟಿ ಮುಗಿಸಿದ ಕ್ರಾಫರ್ಡ್ ಮಾರ್ಕೆಟ್. ಅದರ ಬಾಗಿಲಿನ ಮೇಲಿರುವ ಉಬ್ಬುಶಿಲ್ಪಗಳು ಲಾಕ್‌ವುಡ್ ಕಿಪ್ಲಿಂಗ್ ಮಾಡಿದವು. ಅವರು ಪಾಠ ಹೇಳುತ್ತಿದ್ದ ಜೆ.ಜೆ. ಕಲಾಶಾಲೆ ಹತ್ತಿರದಲ್ಲೇ ಇದೆ. ಉತ್ತರಕ್ಕೆ ಕಬ್ಬಿಣ, ದಕ್ಷಿಣಕ್ಕೆ ಕಲೆ. ನಾನು ಹುಡುಕಿಕೊಂಡು ಹೋದ ವಸ್ತು ಇವೆರಡರ ನಡುವಿನದು, ಅರ್ಧ ಪೆನ್ನು, ಅರ್ಧ ಪಂಪು. ಅದರ ಹೆಸರು ಏರ್‌ಬ್ರಷ್.

ಬೇಕಾದದ್ದು ಒಂದು ವಿಮಾನಕ್ಕೆ ಬಣ್ಣ ಹಾಕಲು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ತಂಡ ರೂಪಿಸಿದ ಎಚ್‌ಎಫ್-24 ಮಾರುತ, 1961ರ ಜೂನ್ 17ರಂದು ಮೊದಲ ಬಾರಿ ಹಾರಿದ ಯುದ್ಧವಿಮಾನ. ಅದನ್ನು ನೋಡಲು ಬೆಂಗಳೂರಿಗೇ ಹೋಗಬೇಕಿಲ್ಲ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಒಂದು ಮಾರುತವಿದೆ. ಮಹಾಲಕ್ಷ್ಮಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ.

ಅಸಲಿ ಮಾರುತದ ಉದ್ದ ಸುಮಾರು 15.9 ಮೀಟರ್. ನನ್ನ ಕಿಟ್ 1/72 ಅಳತೆಯದು, ಅಂದರೆ ಕೈಯಲ್ಲಿರುವುದು 22 ಸೆಂಟಿಮೀಟರ್. ಈ ಅಳತೆಯಲ್ಲಿ ಕುಂಚ ಸೋಲುತ್ತದೆ. ಕುಂಚ ಬಿಟ್ಟ ಬಣ್ಣದ ಗೆರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಿದ್ದರೂ, ಅಸಲಿ ವಿಮಾನದ ಲೆಕ್ಕದಲ್ಲಿ ಅದು 7 ಮಿಲಿಮೀಟರ್ ಆಗುತ್ತದೆ. ಲೋಹದ ಮೈಗೆ ಗಾರೆ ಮೆತ್ತಿದಂತೆ. ಏರ್‌ಬ್ರಷ್ ಆದರೋ ಬಣ್ಣವನ್ನು ಮಂಜು ಮಾಡಿ ತೆಳುವಾಗಿ ಕೂರಿಸುತ್ತದೆ.

ಆದರೆ ಆ ಮಂಜು ಎಲ್ಲಿ ಹೋಗುತ್ತದೆ? ನಮ್ಮದು ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಅಮ್ಮ ಹಾಸನದಿಂದ ಬಂದು ನಮ್ಮ ಜೊತೆಗೇ ಇದ್ದಾರೆ, ಅವರಿಗೆ ಉಬ್ಬಸ. ಊದುಬತ್ತಿ ಹಚ್ಚಿದರೂ ಕಿಟಕಿ ತೆರೆಯುವ ಮನೆಯಲ್ಲಿ ಬಣ್ಣ ಚಿಮುಕಿಸುವ ಯಂತ್ರ ತರುವುದೆಂದರೆ ದುಡ್ಡಿನ ಮಾತಷ್ಟೇ ಅಲ್ಲ. ಆಗದಿದ್ದರೆ ಕಿಟ್ಟನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವುದೆಂದು ಹೆಂಡತಿಯೊಡನೆ ಮೊದಲೇ ಮಾತಾಗಿತ್ತು.

ನಾಗದೇವಿಯಲ್ಲಿ 'ಏರ್‌ಬ್ರಷ್' ಎಂದರೆ ಮೊದಲು ಹೊರಬರುವುದು ಕಾರಿಗೆ ಬಣ್ಣ ಹೊಡೆಯುವ ದೊಡ್ಡ ಸ್ಪ್ರೇ ಗನ್. 'ಛೋಟಾ, ಪೆನ್ ಜೈಸಾ' ಎಂದು ಬೆರಳಿನಲ್ಲಿ ತೋರಿಸಿದರೆ ಮಾತ್ರ ಸರಿಯಾದ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರಲ್ಲಿ ನೋಡಬೇಕಾದ್ದು ಮೂರು. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ, ಹೀಗೆ ಎರಡನ್ನೂ ಬೇರೆಬೇರೆಯಾಗಿ ಹಿಡಿತದಲ್ಲಿಡುವುದು ಡ್ಯುಯಲ್ ಆಕ್ಷನ್. ಬಣ್ಣದ ಬಟ್ಟಲು ಮೇಲಿದ್ದರೆ ಗ್ರಾವಿಟಿ ಫೀಡ್. ಕಡಿಮೆ ಒತ್ತಡದಲ್ಲೂ ಬಣ್ಣ ಇಳಿಯುತ್ತದೆ, ನಾಲ್ಕು ಹನಿ ಸಾಕು. ಮೂರನೆಯದು ಮೂತಿಯ ಅಳತೆ. 0.2 ಮಿಲಿಮೀಟರಿನದು ಕೂದಲಿನಂಥ ಗೆರೆ ಎಳೆಯುತ್ತದೆ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. 0.5 ಪ್ರೈಮರಿಗೆ, ದೊಡ್ಡ ಮೈಗೆ. ಮೊದಲ ಏರ್‌ಬ್ರಷ್‌ಗೆ 0.3 ಸರಿ.

ಜಪಾನಿನ ಇವಾಟಾ, ಜರ್ಮನಿಯ ಹಾರ್ಡರ್ ಆ್ಯಂಡ್ ಸ್ಟೀನ್‌ಬೆಕ್ ಹೆಸರುವಾಸಿ. ಹೆಸರಿಲ್ಲದ ಚೀನೀ ಮಾಲು ಅದರ ಸಣ್ಣ ಪಾಲಿನ ಬೆಲೆಗೆ ಸಿಗುತ್ತದೆ. ಯಾವುದೇ ಇರಲಿ, ಅಂಗಡಿಯಲ್ಲೇ ಸೂಜಿಯನ್ನು ಹೊರಗೆಳೆದು ತುದಿ ನೆಟ್ಟಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿಡಿ ಸೂಜಿ, ಬಿಡಿ ಮೂತಿ ಸಿಗುತ್ತದೆಯೇ ಕೇಳಿ. ಸೂಜಿ ಒಮ್ಮೆ ನೆಲಕ್ಕೆ ಬಿದ್ದರೆ ಸಾಕು, ಆ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಕಂಪ್ರೆಸರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಿದ್ದು ಅಂಗಡಿಯಲ್ಲ, ಲಾಲ್‌ಬಾಗ್. ಚೌತಿಗೆ ಮುಂಚಿನ ತಿಂಗಳುಗಳಲ್ಲಿ ಅಲ್ಲಿನ ಗಣಪತಿ ಕಾರ್ಖಾನೆಗಳ ಚಪ್ಪರದೊಳಗೆ ಇಣುಕಿದರೆ ನೂರಾರು ಮೂರ್ತಿಗಳ ನಡುವೆ ಗಾಳಿಯ ಸುಯ್ ಸದ್ದು ಕೇಳುತ್ತದೆ. ಕೆನ್ನೆಗೆ ಗುಲಾಬಿ ನೆರಳು, ಪೀತಾಂಬರದ ಮಡಿಕೆಗೆ ಕಂದು ನೆರಳು ಎಲ್ಲ ಈ ಗನ್ನಿನ ಕೆಲಸವೇ. ವಯಸ್ಸಾದ ಕಲಾವಿದರೊಬ್ಬರು ಬಣ್ಣ ತುಂಬುವ ಮೊದಲು ಬರೀ ಗಾಳಿಯನ್ನು ತಮ್ಮ ಮುಂಗೈಗೆ ಬಿಟ್ಟುಕೊಂಡು ನೋಡುತ್ತಿದ್ದರು. ಯಾಕೆಂದು ಕೇಳಿದೆ. "ಬಂದೂಕು ಯಾವುದಾದರೂ ನಡೆದೀತು, ಹವಾ ಒಂದೇ ಸಮ ಇರಬೇಕು" ಎಂದರು ಮರಾಠಿಯಲ್ಲಿ. ನನ್ನ ಕೈಗೂ ಬಿಟ್ಟು ತೋರಿಸಿದರು. ಮಿಡಿತವಿಲ್ಲದ, ತಣ್ಣನೆಯ, ಒಣ ಗಾಳಿ.

ಆ ಮೂರು ಗುಣ ಹಿಡಿದುಕೊಂಡು ಮತ್ತೆ ನಾಗದೇವಿಗೆ ಹೋದರೆ ಆಯ್ಕೆ ತಾನೇ ಕಿರಿದಾಗುತ್ತದೆ. ಅಂಗೈಯಗಲದ, ಟ್ಯಾಂಕಿಲ್ಲದ ಪಂಪು ಅಗ್ಗ; ಆದರೆ ಗಾಳಿ ಮಿಡಿಯುತ್ತದೆ, ಬಣ್ಣವೂ ಅದರ ತಾಳಕ್ಕೆ ಬೀಳುತ್ತದೆ. ಗ್ಯಾರೇಜಿನ 25 ಲೀಟರಿನದು ಗಾಳಿ ಧಾರಾಳ ಕೊಡುತ್ತದೆ; ಆದರೆ ಅದರ ಗದ್ದಲಕ್ಕೆ ಸೊಸೈಟಿಯ ಸೆಕ್ರೆಟರಿಯೇ ಬಾಗಿಲು ತಟ್ಟಿಯಾರು. ನಡುವಿನದು ಎಣ್ಣೆ ಬೇಡದ ಪಿಸ್ಟನ್ನಿನ, 3 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್. ಟ್ಯಾಂಕಿನಲ್ಲಿ ಒತ್ತಡ ಸುಮಾರು 4 ಬಾರ್ ಮುಟ್ಟಿದಾಗ ಮೋಟರು ತಾನೇ ನಿಲ್ಲುತ್ತದೆ, 3ರ ಸುಮಾರಿಗೆ ಇಳಿದಾಗ ಮತ್ತೆ ಹೊರಡುತ್ತದೆ. ನಡುವಿನ ಹೊತ್ತು ಮೌನ. ನಾನು ತಂದದ್ದು ಇದನ್ನೇ. ಗನ್ನಿಗಿಂತ ನಾಲ್ಕು ಪಟ್ಟು ದುಡ್ಡು ಇದಕ್ಕೆ ಹೋಯಿತು, ಹೋಗಬೇಕಾದದ್ದೂ ಹಾಗೆಯೇ.

ಒತ್ತಡ ಇಳಿಸುವ ರೆಗ್ಯುಲೇಟರ್ ಇರಲೇಬೇಕು. ತೆಳು ಮಾಡಿದ ಅಕ್ರಿಲಿಕ್ ಬಣ್ಣಕ್ಕೆ 15ರಿಂದ 20 ಪಿಎಸ್‌ಐ ಸಾಕು. ಅದರ ಜೊತೆಗೆ ನೀರು ಹಿಡಿಯುವ ಗಾಜಿನ ಬಟ್ಟಲು. ದಿಲ್ಲಿಯ ಚಳಿಗಾಲದಲ್ಲಿ ಇದರ ನೆನಪೇ ಬಾರದೇನೋ, ಮುಂಬೈ-ಚೆನ್ನೈಯವರಿಗೆ ಇದೇ ಪ್ರಾಣ. ಕಡಲೂರಿನ ತೇವದ ಗಾಳಿಯನ್ನು ಒತ್ತಿ ತುಂಬಿದಾಗ ಅದು ಬಿಸಿಯಾಗುತ್ತದೆ, ಟ್ಯಾಂಕಿನಲ್ಲಿ ತಣಿದಾಗ ನೀರು ಬಿಡುತ್ತದೆ. ಆ ಹನಿ ಮೂತಿಯವರೆಗೆ ಬಂದರೆ ರೆಕ್ಕೆಯ ಮೇಲೆ ಸಿಡುಬಿನ ಕಲೆ. ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಸಿಯಬೇಕು. ಜುಲೈಯಲ್ಲಿ ಒಂದೊಂದು ಸಲ ಚಮಚದಷ್ಟು ಬರುತ್ತದೆ. ಪೈಪಿನ ಕೊಂಡಿ ಸಾಮಾನ್ಯವಾಗಿ 1/8 ಅಂಗುಲದ್ದು. ಅಮೆರಿಕದ ಕೆಲವು ಏರ್‌ಬ್ರಷ್‌ಗಳ ತಿರುಪು ಬೇರೆ. ಹೊಂದಿಸುವ ಹಿತ್ತಾಳೆಯ ಅಡಾಪ್ಟರು, ಟೆಫ್ಲಾನ್ ಟೇಪು ಅದೇ ಬೀದಿಯಲ್ಲಿ ಸಿಗುತ್ತವೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ; ಶನಿವಾರ ಬೆಳಗ್ಗೆ ಹೋಗುವುದು ಒಳ್ಳೆಯದು.

ಉಳಿದದ್ದು ಅಮ್ಮನ ಉಸಿರು. ಥಿನ್ನರ್ ಬೇಕಾಗುವ ಲ್ಯಾಕರ್ ಬಣ್ಣಗಳನ್ನು ಪಟ್ಟಿಯಿಂದಲೇ ತೆಗೆದೆ. ಅವು ಚೆನ್ನಾಗಿ ಕೂರುತ್ತವೆ ನಿಜ, ಆದರೆ ಅವುಗಳ ಆವಿಯನ್ನು ಎನ್‌95 ಮಾಸ್ಕ್ ತಡೆಯುವುದಿಲ್ಲ, ಮೋಟರಿನ ಕಿಡಿಗೆ ಹೊತ್ತಿಕೊಳ್ಳುವ ಭಯವೂ ಇದೆ. ನನ್ನವು ನೀರಿನಲ್ಲಿ ಕಲಸುವ ಅಕ್ರಿಲಿಕ್. ಅವುಗಳ ಕಣಗಳೂ ಶ್ವಾಸಕೋಶಕ್ಕೆ ಒಳ್ಳೆಯವಲ್ಲ. ಆದ್ದರಿಂದ ಫಿಲ್ಟರ್, ಫ್ಯಾನ್ ಇರುವ ಮಡಚುವ ಪೆಟ್ಟಿಗೆಯೊಂದನ್ನು ಬಾಲ್ಕನಿಯಲ್ಲಿಟ್ಟು, ಅದರ ಕೊಳವೆಯನ್ನು ಗ್ರಿಲ್ಲಿನಾಚೆ ಹಾಯಿಸಿದೆ. ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಹಳೆ ಪಂಚೆ. ನನ್ನ ಮೂಗಿಗೆ ಮಾಸ್ಕ್. ಅಮ್ಮ ಸಂಜೆ ಭಜನೆಗೆ ಹೋದ ಎರಡು ಗಂಟೆ ಮಾತ್ರ ಕೆಲಸ. ಅವರು ಮರಳುವ ಅರ್ಧ ಗಂಟೆ ಮೊದಲೇ ನಿಲ್ಲಿಸಿ ಫ್ಯಾನ್ ಓಡಿಸುತ್ತಲೇ ಇರುತ್ತೇನೆ.

ಮೊದಲ ವಾರ ಬಣ್ಣವನ್ನೇ ಹಾಕಲಿಲ್ಲ, ಬರೀ ನೀರು ತುಂಬಿ ಹಳೆ ದಿನಪತ್ರಿಕೆಯ ಮೇಲೆ ಗೆರೆ ಎಳೆದೆ. ಹೆಬ್ಬೆರಳಿಗಲ್ಲ, ತೋರುಬೆರಳಿಗೆ ಅಭ್ಯಾಸವಾಗಬೇಕು. ಆಮೇಲೆ ಬಣ್ಣ ಇಳಿಯಿತು. ಆ ದಿನಗಳಲ್ಲಿ ಅಮ್ಮನ ಇನ್‌ಹೇಲರಿನ ಲೆಕ್ಕವನ್ನು ಹೆಂಡತಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ತಿಂಗಳು ಕಳೆದು ನೋಡಿದೆವು, ಎಂದಿಗಿಂತ ಹೆಚ್ಚಾಗಿರಲಿಲ್ಲ. ಕಿಟ್ಟನ್ನು ಕೊಟ್ಟುಬಿಡುವ ಮಾತು ಅಲ್ಲಿಗೆ ನಿಂತಿತು.

ಒಂದು ದಿನ ಭಜನೆ ಬೇಗ ಮುಗಿದು ಅಮ್ಮ ಬಂದಾಗ ಟ್ಯಾಂಕು ತುಂಬುತ್ತಿತ್ತು. ಮುಚ್ಚಿದ ಬಾಗಿಲಾಚೆಯಿಂದ ಸದ್ದು ಕೇಳಿಸಿಕೊಂಡು, "ಫ್ರಿಡ್ಜ್ ಕೆಟ್ಟಿದೆಯೇನೋ ನೋಡೇ" ಎಂದು ಸೊಸೆಗೆ ಹೇಳಿದರಂತೆ.