ಹಿರಿಯರ ತೆಳುಚರ್ಮ ಮತ್ತು ಗಾಯದ ಪಟ್ಟಿ

ಆರು ಬಗೆಯ ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಮುನಿಗಳ ಸೇವೆಯೆಂದೇ ನಾವು ಅದನ್ನು ತಿಳಿದಿದ್ದೇವೆ. ಮನೆಯಲ್ಲಿ ನರಳುವ ಹಿರಿಯರ ಸೇವೆಯೂ ಅದೇ ಭಾವದ್ದು. ಆದರೆ ಸೇವೆಗೆ ಭಕ್ತಿಯೊಂದೇ ಸಾಲದು, ತಿಳಿವಳಿಕೆಯೂ ಬೇಕು.

ವಯಸ್ಸಾದಂತೆ ಚರ್ಮ ತೆಳ್ಳಗಾಗಿ, ಮೇಲ್ಪದರಕ್ಕೂ ಒಳಪದರಕ್ಕೂ ಇರುವ ಹಿಡಿತ ಸಡಿಲವಾಗುತ್ತದೆ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ಇದು ಇನ್ನೂ ಹೆಚ್ಚು. ಮಂಚದ ಅಂಚು ತಗಲಿದರೂ ಚರ್ಮ ಹರಿಯುತ್ತದೆ. ಎಂಬತ್ತೆಂಟು ವರ್ಷದ ನಮ್ಮ ತಾಯಿಯವರ ಮುಂಗೈಗೆ ಹೀಗೆಯೇ ಆಯಿತು. ಒಂದು ಕಡೆ ಅಂಟು ಪ್ಲಾಸ್ಟರು ಹಾಕಿದರು. ಮೂರನೆಯ ದಿನ ಅದನ್ನು ಕಿತ್ತಾಗ ಸುತ್ತಲಿನ ಒಳ್ಳೆಯ ಚರ್ಮವೂ ಅದರೊಡನೆ ಬಂತು.

ಹೊಸೂರಿನ ವೈದ್ಯರೊಬ್ಬರು ಜೇನಿನ ಪಟ್ಟಿ ಹಾಕೋಣವೆಂದರು. ಜೇನಿನ ಗುಣ ಸುಳ್ಳಲ್ಲ. ಸೊಲ್ಲಾಪುರದ ಡಾ. ಸುಬ್ರಹ್ಮಣ್ಯಂ ಅವರು ಸುಟ್ಟ ಗಾಯಗಳಿಗೆ ಜೇನು ಹಚ್ಚಿ ಕಂಡ ಒಳ್ಳೆಯ ಫಲ 1991ರಲ್ಲಿಯೇ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿದೆ. ಆದರೆ ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣ.

"ತಿನ್ನುವುದಲ್ಲಮ್ಮ, ಮೇಲೆ ಹಚ್ಚುವುದು" ಎಂದೆ.

"ಇಷ್ಟು ವರ್ಷ ಮುಟ್ಟದ್ದನ್ನು ಈಗ ಮೈಗೆ ಕಟ್ಟಬೇಡಪ್ಪ. ಬೇರೆ ಇದೆಯೋ ಕೇಳು" ಎಂದರು.

ಕೇಳಿದೆ, ಇತ್ತು. ವೈದ್ಯರು ಬೇಸರಪಡಲಿಲ್ಲ. ಕೊಲಾಜೆನ್ ಪಟ್ಟಿಗಳು ಸಾಮಾನ್ಯವಾಗಿ ದನ, ಮೀನು ಮುಂತಾದವುಗಳಿಂದ ಬರುತ್ತವೆಂದೂ ಅವರೇ ಎಚ್ಚರಿಸಿ, ಸಿಲಿಕೋನ್ ಪದರದ ಮೆತ್ತನೆಯ ಪಟ್ಟಿಯನ್ನು ಬರೆದುಕೊಟ್ಟರು.

ಅವರು ಹೇಳಿಕೊಟ್ಟ ಕ್ರಮವಿದು. ಮೊದಲು ಸ್ವಚ್ಛ ಬಟ್ಟೆಯಿಂದ ಮೆಲ್ಲಗೆ ಒತ್ತಿ ರಕ್ತ ನಿಲ್ಲಿಸಬೇಕು. ಸಲೈನ್ ನೀರಿನಿಂದ ತೊಳೆಯಬೇಕು. ಹರಿದ ಚರ್ಮ ಉಳಿದಿದ್ದರೆ ಕತ್ತರಿಸದೆ, ಒದ್ದೆ ಹತ್ತಿಯಿಂದ ಅದರ ಜಾಗಕ್ಕೆ ಸರಿಸಬೇಕು. ಮೇಲೆ ಗಾಯಕ್ಕೆ ಅಂಟದ ಪಟ್ಟಿ, ಅದರ ಮೇಲೆ ಸಡಿಲವಾದ ಬ್ಯಾಂಡೇಜು. ಟೇಪನ್ನು ಬ್ಯಾಂಡೇಜಿಗೆ ಅಂಟಿಸಬೇಕೇ ಹೊರತು ಚರ್ಮಕ್ಕಲ್ಲ. ಯಾವ ದಿಕ್ಕಿಗೆ ಬಿಚ್ಚಬೇಕೆಂದು ಪಟ್ಟಿಯ ಮೇಲೆ ಬಾಣದ ಗುರುತು ಹಾಕಬೇಕು. ಎದುರು ದಿಕ್ಕಿಗೆ ಎಳೆದರೆ ಕೂಡಿಕೊಳ್ಳುತ್ತಿರುವ ಚರ್ಮ ಮತ್ತೆ ಎದ್ದು ಬರುತ್ತದೆ. ಧನುರ್ವಾತದ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಕೀವು, ಜ್ವರ, ಹರಡುವ ಕೆಂಪು ಕಂಡರೆ ತಡಮಾಡಬಾರದು.

ವ್ಯಾಪಾರಸ್ಥರಾದ ನಾವು ಬೆಲೆ ಕೇಳದೆ ಇರುವುದಿಲ್ಲ. ಸಿಲಿಕೋನ್ ಪಟ್ಟಿ ದುಬಾರಿಯೇ. ಆದರೆ ಅಗ್ಗದ ಒಣ ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡು, ಬಿಚ್ಚುವಾಗಲೆಲ್ಲ ಹೊಸ ಗಾಯ ಮಾಡುತ್ತದೆ. ಇದನ್ನು ಕೆಲವು ದಿನ ಹಾಗೆಯೇ ಬಿಡಬಹುದು. ಲೆಕ್ಕ ಹಾಕಿದರೆ ಇದೇ ಲಾಭ. ಕೊಳ್ಳಲಾಗದವರು ಪ್ಯಾರಾಫಿನ್ ಸವರಿದ ಜಾಲರಿ ಪಟ್ಟಿಯನ್ನು ವೈದ್ಯರಲ್ಲಿ ಕೇಳಬಹುದು. ತಾಯಿಯವರ ಗಾಯ ಮೂರು ವಾರದಲ್ಲಿ ಕೂಡಿತು.

ಗಾಯವಾಗದಂತೆ ನೋಡುವುದು ಇನ್ನೂ ಮೇಲು. ವೃದ್ಧರ ಕೈಕಾಲಿಗೆ ದಿನಕ್ಕೆರಡು ಬಾರಿ ಚರ್ಮ ಮೃದುವಾಗಿಸುವ ಲೇಪ ಹಚ್ಚಿದರೆ ಇಂಥ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾದುದನ್ನು ಆಸ್ಟ್ರೇಲಿಯಾದವರು 2014ರಲ್ಲಿ ತೋರಿಸಿದ್ದಾರೆ.

ಧರ್ಮಬಂಧುಗಳೇ, ಹಿರಿಯರ ವ್ರತನಿಯಮಗಳನ್ನು ವೈದ್ಯರಿಗೆ ಮೊದಲೇ ತಿಳಿಸಿ. ಸಂಕೋಚ ಬೇಡ. ಕೇಳಿದರೆ ದಾರಿ ಇರುತ್ತದೆ.

ಜೈ ಜಿನೇಂದ್ರ.