ಯಾರ ಬಿಸಿಲಿಗೆ ಲೆಕ್ಕ?

ಟೊರಾಂಟೊದ ಪೂರ್ವ ಭಾಗದ ಸ್ಕಾರ್ಬರೋದಲ್ಲಿ, ಎಗ್ಲಿಂಟನ್ ಅವೆನ್ಯೂ ಮೇಲೆ ಬಸ್ಸಿಳಿಯುತ್ತೀರಿ. ಏಪ್ರಿಲ್ ಸಂಜೆ. ಬಿಸಿಲಿದೆ, ಆದರೂ ಚಳಿ ಬಿಟ್ಟಿಲ್ಲ. ರಸ್ತೆಯ ಉತ್ತರ ಬದಿಗೆ ಹಳೆಯ ಅಂಗಡಿಸಾಲು, ಅದಕ್ಕಿಂತ ದೊಡ್ಡ ಪಾರ್ಕಿಂಗ್ ಜಾಗ. ಅದರ ಅಂಚಿಗೆ ನೆಟ್ಟ ಬೋರ್ಡು ಓದಿ: ಇಲ್ಲಿ ಎಂಟು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂದಿದೆ; ಈ ಸಂಜೆ ಶಾಲೆಯ ಜಿಮ್‌ನಲ್ಲಿ ಸಾರ್ವಜನಿಕ ಸಭೆ.

ಒಳಬೀದಿ ಹಿಡಿಯುತ್ತೀರಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಒಂದಂತಸ್ತಿನ ಇಟ್ಟಿಗೆ ಮನೆಗಳು. ಮುಂದೆ ಹುಲ್ಲು, ಪಕ್ಕದಲ್ಲಿ ಕಾರು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಇರಲು ಮನೆ ಸಾಲದೆ, 1946ರಲ್ಲಿ ಕೆನಡಾ ಸರ್ಕಾರ ವಸತಿಗೆಂದೇ ನಿಗಮವೊಂದನ್ನು ತೆರೆಯಿತು. ಇಲ್ಲಿನ ಹೊಲಗಳು ಸೈಟುಗಳಾದವು. ಎಗ್ಲಿಂಟನ್‌ನ ‘ಗೋಲ್ಡನ್ ಮೈಲ್’ನಲ್ಲಿ ಕಾರ್ಖಾನೆಗಳು ಎದ್ದವು, ಪ್ಲಾಜಾ ಬಂತು. 1959ರಲ್ಲಿ ಆ ಪ್ಲಾಜಾಕ್ಕೆ ಎಲಿಜಬೆತ್ ರಾಣಿಯೇ ಬಂದುಹೋದರು.

ಈಗ ಮನೆಗಳ ಬುಡ ನೋಡಿ. ಹುಲ್ಲಿನ ಮಟ್ಟಕ್ಕೆ ಗೇಣೆತ್ತರದ ಕಿಟಕಿ. ಪಕ್ಕದ ಬಾಗಿಲಲ್ಲಿ ಮಕ್ಕಳ ಬೂಟುಗಳು. ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇನ್ನೊಂದು ಸಂಸಾರ. ಎಲ್ಲಿಂದಲೋ ಸಾಸಿವೆ, ಕರಿಬೇವಿನ ಒಗ್ಗರಣೆ ಘಮ್ಮೆನ್ನುತ್ತದೆ. ತಮಿಳರ ಮನೆಯೋ, ನಮ್ಮವರದೋ.

ಜಿಮ್‌ನಲ್ಲಿ ಮಡಚು ಕುರ್ಚಿಗಳೆಲ್ಲ ತುಂಬಿವೆ. ಜನ ಮುತ್ತಿಕೊಂಡಿರುವುದು ಕಟ್ಟಡದ ಬಣ್ಣದ ಚಿತ್ರವನ್ನಲ್ಲ, ನೆರಳಿನ ನಕ್ಷೆಗಳನ್ನು. ಮಾರ್ಚ್ 21, ಜೂನ್ 21, ಸೆಪ್ಟೆಂಬರ್ 21: ಯಾವ ಗಂಟೆಗೆ ನೆರಳು ಎಲ್ಲಿ ಬೀಳುತ್ತದೆಂಬ ಲೆಕ್ಕ. ತಮ್ಮ ಹಿತ್ತಲು ಎಲ್ಲಿದೆಯೆಂದು ಒಬ್ಬೊಬ್ಬರೂ ಬೆರಳಿಟ್ಟು ಹುಡುಕುತ್ತಾರೆ.

ಇಂಥ ಕಟ್ಟಡಗಳಿಗೆ ನಗರ 2010ರಲ್ಲಿ ಮಾರ್ಗಸೂಚಿ ಮಾಡಿತ್ತು. ರಸ್ತೆ ಎಷ್ಟು ಅಗಲವೋ ಕಟ್ಟಡ ಹೆಚ್ಚೆಂದರೆ ಅಷ್ಟೇ ಎತ್ತರ. ಹಿಂದಿನ ಮನೆಗಳ ಕಡೆಯಿಂದ 45 ಡಿಗ್ರಿಯ ಓರೆಗೆರೆ ಎಳೆದರೆ ಮೇಲಿನ ಮಹಡಿಗಳು ಅದನ್ನು ದಾಟಬಾರದಿತ್ತು. ಹಾಗಾಗಿ ಒಂದಕ್ಕಿಂತ ಒಂದು ಒಳಸರಿಯಬೇಕಿತ್ತು. ಇದರಿಂದ ಖರ್ಚು ಏರಿ, ಮನೆಗಳ ಸಂಖ್ಯೆ ಇಳಿಯುತ್ತದೆಂದು 2024ರಲ್ಲಿ ಆ ಗೆರೆಯನ್ನು ಕೈಬಿಟ್ಟರು. ಹಿತ್ತಲಿನವರ ಸಿಟ್ಟಿಗೆ ಅದೂ ಒಂದು ಕಾರಣ.

“ನನ್ನ ಟೊಮೆಟೊ ಗಿಡಕ್ಕೆ ಬಿಸಿಲು ಬೇಡವೇ?” ಮೈಕು ಹಿಡಿದ ಹಿರಿಯರ ದನಿ ನಡುಗುತ್ತದೆ. ಚಪ್ಪಾಳೆ. “ಕಾರುಗಳನ್ನೆಲ್ಲ ನಮ್ಮ ಬೀದಿಗೇ ತಂದು ನಿಲ್ಲಿಸುತ್ತಾರೆ!” ಎಂಬ ಕೂಗು. ಕಟ್ಟಡಗಳು ಇಂತಿಷ್ಟು ಪಾರ್ಕಿಂಗ್ ಕೊಡಲೇಬೇಕೆಂಬ ನಿಯಮವನ್ನು 2021ರಲ್ಲೇ ಬಹುಮಟ್ಟಿಗೆ ತೆಗೆದಾಗಿದೆ ಎಂದು ಯೋಜನಾಧಿಕಾರಿ ಹೇಳುತ್ತಾರೆ, ಗದ್ದಲ ಜೋರಾಗುತ್ತದೆ.

ಕೋಲೂರಿಕೊಂಡು ಒಬ್ಬ ಅಜ್ಜಿ ಏಳುತ್ತಾರೆ. “ಹಿಮ ಎತ್ತಿಹಾಕಲು ನನ್ನ ಕೈಲಾಗದು. ಮನೆ ಮಾರಿದರೆ ಈ ಬೀದಿ ಬಿಟ್ಟೇ ಹೋಗಬೇಕು. ಲಿಫ್ಟ್ ಇರುವ ಮನೆ ಇಲ್ಲೇ ಆದರೆ ನನಗೊಂದಿರಲಿ.” ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಅನುಮಾನಿಸುತ್ತವೆ.

ಕೊನೆಗೆ, ಮಗುವನ್ನು ಸೊಂಟಕ್ಕೇರಿಸಿಕೊಂಡ ಯುವತಿಯ ಸರದಿ. “ನಾವಿರುವುದು ಬೇಸ್‌ಮೆಂಟಿನಲ್ಲಿ. ನಮ್ಮ ಕಿಟಕಿಗೆ ಈಗಲೇ ಬಿಸಿಲಿಲ್ಲ. ನಿಮ್ಮ ನಕ್ಷೆಯಲ್ಲಿ ಅದು ಎಲ್ಲಿದೆ?” ಯಾರೂ ಉತ್ತರಿಸುವುದಿಲ್ಲ. “ಹೋಗಲಿ, ಮೂರು ಬೆಡ್‌ರೂಮಿನ ಮನೆ ಎಷ್ಟು ಕಟ್ಟುತ್ತೀರಿ? ಬಾಡಿಗೆ ಎಷ್ಟು?”

“ನಗರ ಕೇಳುವಂತೆ ನೂರಕ್ಕೆ ಹತ್ತು,” ಎನ್ನುತ್ತಾರೆ ಆರ್ಕಿಟೆಕ್ಟ್. “ಬಾಡಿಗೆ ಈಗಲೇ ಹೇಳಲಾಗದು.”

ನಕ್ಷೆ ಅಳೆದಿರುವುದು ಇದ್ದ ಬಿಸಿಲು ಯಾರಿಗೆ ತಪ್ಪುತ್ತದೆಂಬುದನ್ನು ಮಾತ್ರ. ಎಂಟು ಮಹಡಿಗಳ ಕಿಟಕಿಗಳಿಂದ ಎಷ್ಟು ಜನರಿಗೆ ಹೊಸದಾಗಿ ಬಿಸಿಲು ಸಿಕ್ಕೀತೆಂಬ ಲೆಕ್ಕ ಯಾವ ಹಾಳೆಯಲ್ಲೂ ಇಲ್ಲ. ಇನ್ನು ವರದಿ ನಗರಸಭೆಗೆ ಹೋಗಬೇಕು. ಮೇಲ್ಮನವಿಯಾದರೆ ಒಂಟಾರಿಯೊ ಭೂ ನ್ಯಾಯಮಂಡಳಿಗೆ. ಅಂಚೆಯಲ್ಲಿ ನೋಟಿಸು ಕಳಿಸುವಾಗ ಕಾನೂನು ಹೆಸರಿಸುವುದು 120 ಮೀಟರ್ ಒಳಗಿನ ಆಸ್ತಿಯ ಮಾಲೀಕರನ್ನು. ತೀರ್ಮಾನ ಏನಾಯಿತೆಂದು ತಿಳಿಯಬೇಕೆಂದರೆ ಬಾಡಿಗೆದಾರರು ಬರೆದು ಕೇಳಬೇಕು. ಯುವತಿ ಮಗುವನ್ನು ಇಳಿಸಿ, ಹಾಜರಿ ಹಾಳೆ ಎಳೆದುಕೊಂಡು, ವಿಳಾಸದ ಕೊನೆಗೆ ದಪ್ಪಕ್ಷರದಲ್ಲಿ ಸೇರಿಸುತ್ತಾಳೆ: ಬೇಸ್‌ಮೆಂಟ್.